ವಿಲ್‌ಗೆ ಪ್ರೊಬೇಟ್: ಮೊದಲು ಸಾಕ್ಷಿಯನ್ನು ಹುಡುಕಿ

ಪ್ರೊಬೇಟ್‌ಗೆ (ವಿಲ್, ಅಂದರೆ ಮರಣಶಾಸನ, ಅಸಲಿಯೆಂದು ನ್ಯಾಯಾಲಯ ಕೊಡುವ ದೃಢೀಕರಣಕ್ಕೆ) ಹೊರಟವರು ಮೊದಲು ಖಾತೆ, ಪಹಣಿ ಜೋಡಿಸುತ್ತಾ ಕೂರುತ್ತಾರೆ. ಅವು ಆಮೇಲೂ ಸಿಗುತ್ತವೆ. ಮೊದಲು ಮರಣಶಾಸನದ ಕೊನೆಯ ಪುಟ ತೆಗೆಯಿರಿ: ಸಾಕ್ಷಿ ಹಾಕಿದ ಇಬ್ಬರು ಯಾರು, ಎಲ್ಲಿದ್ದಾರೆ, ಬದುಕಿದ್ದಾರೆಯೇ?

ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಬಂಧುಗಳು ತಕರಾರು ತೆಗೆದಾಗ, ಬ್ಯಾಂಕು ಪಟ್ಟು ಹಿಡಿದಾಗ ಬೇಕಾಗುತ್ತದೆ. ಅದು ಸಿಗುವುದು ವಿಲ್‌ನಲ್ಲಿ ನೇಮಿಸಿದ, ಅದನ್ನು ಜಾರಿಗೊಳಿಸುವ ಎಕ್ಸಿಕ್ಯೂಟರ್‌ಗೆ ಮಾತ್ರ. ಯಾರನ್ನೂ ನೇಮಿಸದಿದ್ದರೆ ವಿಲ್ ಲಗತ್ತಿಸಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ (ಆಸ್ತಿ ನಿರ್ವಹಿಸುವ ಅಧಿಕಾರಪತ್ರ) ಕೇಳಬೇಕು. ತೀರಿಕೊಂಡು 7 ದಿನ ಕಳೆಯದೆ ಪ್ರೊಬೇಟ್ ಕೊಡುವಂತಿಲ್ಲ. ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್‌ಗೆ 14 ದಿನ. ಅರ್ಜಿ ಹಾಕುವ ಹಕ್ಕು ಹುಟ್ಟಿದಂದಿನಿಂದ 3 ವರ್ಷದ ಕಾಲಮಿತಿಯಿದೆ. ತಡ ಮಾಡಿದಷ್ಟೂ ಅನುಮಾನಕ್ಕೂ ದಾರಿ.

ಮೃತರು ವಾಸವಿದ್ದ ಅಥವಾ ಆಸ್ತಿ ಇರುವ ಜಿಲ್ಲೆಯ ನ್ಯಾಯಾಲಯದಲ್ಲಿ, ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟಿನಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 276ನೇ ಕಲಮಿನಡಿ ಅರ್ಜಿ. ಮರಣದ ದಿನಾಂಕ, ಇದೇ ಕೊನೆಯ ವಿಲ್ ಎಂಬ ಹೇಳಿಕೆ, ಆಸ್ತಿಯ ಮೌಲ್ಯ, ಅರ್ಜಿದಾರರೇ ಎಕ್ಸಿಕ್ಯೂಟರ್ ಎಂಬುದು ಅದರಲ್ಲಿರಬೇಕು. ಮೂಲ ವಿಲ್, ಮರಣ ಪ್ರಮಾಣಪತ್ರ, ವಂಶವೃಕ್ಷ ಜೊತೆಗಿರಲಿ. ಸಾಕ್ಷಿ ಸಿಗುವಂತಿದ್ದರೆ ಕನಿಷ್ಠ ಒಬ್ಬರು ಅರ್ಜಿಯನ್ನು ದೃಢೀಕರಿಸಬೇಕು. ವಾರಸುದಾರರಲ್ಲಿ ಒಬ್ಬರ ಹೆಸರು ಬಿಟ್ಟರೂ ಮುಂದೆ ಪ್ರೊಬೇಟನ್ನೇ ರದ್ದುಪಡಿಸಲು ಅದು ಕಾರಣವಾದೀತು.

ನೋಟಿಸ್, ಪತ್ರಿಕಾ ಪ್ರಕಟಣೆಯ ನಂತರ ಯಾರಾದರೂ ಎದುರು ನಿಂತರೆ ಅರ್ಜಿ ದಾವೆಯ ರೂಪ ಪಡೆಯುತ್ತದೆ. ಬಹಳಷ್ಟು ಪ್ರಕರಣ ಮುಗ್ಗರಿಸುವುದು ಇಲ್ಲೇ. 'ಇದು ನನ್ನ ಸಹಿ' ಎಂದಷ್ಟೇ ಸಾಕ್ಷಿ ಹೇಳಿದರೆ ಸಾಲದು. ವಿಲ್ ಬರೆದವರು ಸಹಿ ಮಾಡಿದ್ದನ್ನು ಕಂಡೆ, ಅಥವಾ ತಮ್ಮದೇ ಸಹಿಯೆಂದು ಅವರು ಒಪ್ಪಿದರು; ಅವರೆದುರಿಗೇ ನಾನು ಸಹಿ ಹಾಕಿದೆ ಎನ್ನಬೇಕು. ಒಬ್ಬರನ್ನೇ ವಿಚಾರಿಸುವುದಾದರೆ ಇನ್ನೊಬ್ಬ ಸಾಕ್ಷಿಯೂ ಹಾಗೆಯೇ ಸಹಿ ಹಾಕಿದ್ದನ್ನು ಅವರ ಬಾಯಿಂದಲೇ ಹೊರಡಿಸಬೇಕು. ಪಾಟೀಸವಾಲಿನಲ್ಲಿ ಜಾರುವುದು ಈ ಎರಡನೇ ಮಾತು.

'ರಿಜಿಸ್ಟರ್ ಆಗಿದೆಯಲ್ಲ' ಎಂಬ ಧೈರ್ಯ ಬೇಡ. ನೋಂದಣಿ ಸಾಕ್ಷಿಯ ಬದಲಿಗೆ ನಿಲ್ಲುವುದಿಲ್ಲ. ಸಾಕ್ಷಿಗಳಿಬ್ಬರೂ ತೀರಿಕೊಂಡಿದ್ದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ ವಿಲ್ ಬರೆದವರ ಸಹಿಯನ್ನೂ ಬಲ್ಲವರಿಂದ ರುಜುವಾತು ಮಾಡಬೇಕು. ನಡುಗುವ ಸಹಿ, ಹೆಂಡತಿ ಮಕ್ಕಳನ್ನು ಕಾರಣವಿಲ್ಲದೆ ಕೈಬಿಟ್ಟಿದ್ದು, ಹೆಚ್ಚು ಲಾಭ ಪಡೆದವರೇ ಮುಂದೆ ನಿಂತು ವಿಲ್ ಬರೆಸಿದ್ದು: ಇಂಥ ಅನುಮಾನಗಳನ್ನು ತೊಡೆಯುವ ಹೊಣೆ ವಿಲ್ ಮುಂದಿಟ್ಟವರದೇ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ಇದಕ್ಕಾಗಿಯೇ ಇಂದಿಗೂ ಉದ್ಧರಿಸುತ್ತಾರೆ.

ಆಸ್ತಿ ನಿಜಕ್ಕೂ ಮೃತರದ್ದೇ ಅಥವಾ ಪಿತ್ರಾರ್ಜಿತವೇ ಎಂಬುದನ್ನು ಪ್ರೊಬೇಟ್ ಕೋರ್ಟ್ ತೀರ್ಮಾನಿಸುವುದಿಲ್ಲ. ಆ ಜಗಳಕ್ಕೆ ಬೇರೆ ದಾವೆ.

ಆದೇಶ ಬಂದಿತೆಂದು ಕಡತ ಕಟ್ಟಿಡಬೇಡಿ. ಪ್ರೊಬೇಟ್ ಸಿಕ್ಕ 6 ತಿಂಗಳೊಳಗೆ ಆಸ್ತಿಪಟ್ಟಿ, 1 ವರ್ಷದೊಳಗೆ ಲೆಕ್ಕಪತ್ರ ಕೋರ್ಟಿಗೆ ಸಲ್ಲಬೇಕು. ಬೇಕೆಂದೇ ಬಿಟ್ಟರೆ ಅದೂ ರದ್ದತಿಗೆ ಕಾರಣ.