ಫೆರೈಟ್ ಪದರ ದಪ್ಪವಾದರೆ ಲೆಕ್ಕ ಕೆಡುತ್ತಿತ್ತು: ನನ್ನ ಅನುಭವ

ಪುಣೆಯ ಕೋಥ್ರುಡ್ ರೂಮಿನಲ್ಲಿ ಮೂರು ರಾತ್ರಿ ನಿದ್ದೆ ಇಲ್ಲ. ಯಿಟ್ರಿಯಂ ಐರನ್ ಗಾರ್ನೆಟ್ (ಒಂದು ಫೆರೈಟ್, ಅಂದರೆ ಕಬ್ಬಿಣದ ಆಕ್ಸೈಡ್ ಇರುವ ಕಾಂತೀಯ ವಸ್ತು) ಮತ್ತು ಅನೈಸೊಟ್ರೋಪಿಕ್ (ದಿಕ್ಕಿಗೆ ತಕ್ಕಂತೆ ಗುಣ ಬದಲಾಗುವ) ಪದರಗಳನ್ನು ಜೋಡಿಸಿ, ಮೈಕ್ರೋವೇವ್ ಅಲೆ ಎಷ್ಟು ದಾಟುತ್ತದೆ ಎಂದು ನೋಡಲು, ಪದರದ ಒಂದು ಬದಿಯ ಅಲೆಗಳಿಂದ ಇನ್ನೊಂದು ಬದಿಯವನ್ನು ಲೆಕ್ಕ ಹಾಕುವ 4×4 ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ಬರೆದಿದ್ದೆ. ನಷ್ಟವಿಲ್ಲದ ಪದರಗಳು. ಹಾಗಾಗಿ ಮರಳಿದ ಶಕ್ತಿಯ ಪಾಲು, ದಾಟಿದ ಪಾಲು ಕೂಡಿದರೆ 1 ಬರಬೇಕು ಅಲ್ವಾ? ಫೆರೈಟ್ 3 ಮಿ.ಮೀ. ಇದ್ದಾಗ ಬಂತು. 30 ಮಿ.ಮೀ.ಗೆ ಸುಮ್ನೆ ಕಸದಂಥ ಅಂಕಿಗಳು!

ಧಾರವಾಡದ ಅಕ್ಕ ಒಬ್ಬರು ಕೋಡ್ ನೋಡಿ, "ತಮ್ಮಾ, ಬೆಳೆಯೋ ಅಲೇನ ಯಾಕ ಹೊತ್ಕೊಂಡ್ ಹೊಂಟೀ?" ಎಂದರು. ಅದೇ ತಪ್ಪು: ನನ್ನ ಮ್ಯಾಟ್ರಿಕ್ಸ್ ಕರಗುವ ಅಲೆಯ ಜೊತೆ ಬೆಳೆಯುವ ಅಲೆಯ ಪದವನ್ನೂ ಹೊತ್ತಿತ್ತು. ಪದರದೊಳಗೆ 2000 ಅರ್ಸ್ಟೆಡ್ ಅಡ್ಡ ಕಾಂತಕ್ಷೇತ್ರವಿದ್ದರೆ, ಸುಮಾರು 7.7ರಿಂದ 10.6 ಗಿಗಾಹರ್ಟ್ಸ್‌ವರೆಗೆ ಒಂದು ಧ್ರುವೀಕರಣಕ್ಕೆ (ಅಲೆಯ ಕಂಪನದ ದಿಕ್ಕಿಗೆ) ಪರಿಣಾಮಕಾರಿ ಪರ್ಮಿಯಬಿಲಿಟಿ, ಅಂದರೆ ಕಾಂತಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ, ಋಣ. ಅಲೆ ಒಳಗೆ ಕರಗುತ್ತದೆ. 9 ಗಿಗಾಹರ್ಟ್ಸ್‌ನಲ್ಲಿ 30 ಮಿ.ಮೀ.ಗೆ ಬೆಳೆಯುವ ಪದ ಕರಗುವ ಪದದ 10ರ 22ನೇ ಘಾತದಷ್ಟು ಪಟ್ಟು. ಡಬಲ್ ಪ್ರಿಸಿಷನ್ (ಕಂಪ್ಯೂಟರ್ ಸಂಖ್ಯೆ ಇಡುವ ಒಂದು ರೀತಿ) ಹಿಡಿಯುವುದು ಸುಮಾರು 16 ಅಂಕಿ. ಚಿಕ್ಕದು ಕೊಚ್ಚಿಹೋಗುತ್ತದೆ.

ಸ್ಕ್ಯಾಟರಿಂಗ್ ಮ್ಯಾಟ್ರಿಕ್ಸ್‌ಗೆ ಬದಲಿಸಿದೆ. ಅದು ಪದರಕ್ಕೆ ಬರುವ ಅಲೆಗಳಿಂದ ಹೊರಹೋಗುವ ಅಲೆಗಳನ್ನು ಲೆಕ್ಕ ಹಾಕುತ್ತದೆ; ಅದರಲ್ಲಿ ಕರಗುವ ಪದಗಳು ಮಾತ್ರ ಇರುತ್ತವೆ. ಮೊತ್ತ 1 ಬಂದಾಗ ನಿಜಕ್ಕೂ ಕಣ್ಣು ತುಂಬಿತು.

ಇನ್ನೊಂದು: ಮುಂದೆ ಹೋಗುವ ಅಲೆ ಯಾವುದೆಂದು ಅಲೆಸಂಖ್ಯೆಯ ಚಿಹ್ನೆ ನೋಡಿ ಆರಿಸಬೇಡಿ. ಶಕ್ತಿ ಯಾವ ಕಡೆ ಹರಿಯುತ್ತದೆ ಅದನ್ನು ನೋಡಿ. ಕರಗುವ ಅಲೆಗಾದರೆ, ಯಾವ ಕಡೆ ಕರಗುತ್ತದೆ ಎಂಬುದನ್ನು.