ಯೆಸ್ ಒತ್ತುವ ಮುಂಚೆ ಆ ಒಂದು ಸಾಲು ಓದಿ

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದು ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ. ಪ್ರೂಫ್ ಕೈಗಿಟ್ಟರೆ ಗಿರಾಕಿಗಳು ಗಂಡು-ಹೆಣ್ಣಿನ ಹೆಸರು, ಮುಹೂರ್ತ, ಎಲ್ಲವನ್ನೂ ಬೆರಳಿಟ್ಟು ಓದಿಯೇ ಸಹಿ ಹಾಕುತ್ತಾರೆ. ಕಂಪ್ಯೂಟರ್ ಅನುಮತಿ ಕೇಳಿದಾಗಲೂ ಹಾಗೇ ಓದಬೇಕು ಅನ್ನೋದು ನನಗೆ ತಡವಾಗಿ ತಿಳಿಯಿತು.

ಮದುವೆ ಸೀಸನ್ನಿನಲ್ಲೇ ಒಮ್ಮೆ ಪ್ರಿಂಟರ್ ಡ್ರೈವರ್ (ಪ್ರಿಂಟರ್ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ಬೇಕಾಯಿತು. ಹುಡುಕಿದಾಗ ಮೊದಲು ಸಿಕ್ಕ ಯಾವುದೋ ಸೈಟಿನಿಂದ ಇಳಿಸಿಕೊಂಡೆ. ಪರದೆ ಮಬ್ಬಾಗಿ ಹಳದಿ ಪಟ್ಟಿಯ ಡಬ್ಬಿ ಬಂತು. ಅದರಲ್ಲಿ 'ಪಬ್ಲಿಷರ್: ಅನ್‌ನೋನ್', ಅಂದರೆ ಇದನ್ನು ಹೊರತಂದವರು ಯಾರೋ ಗೊತ್ತಿಲ್ಲ ಅಂತ ಸ್ಪಷ್ಟವಾಗೇ ಇತ್ತು. ಗಿರಾಕಿ ಎದುರಿಗೆ ನಿಂತಿದ್ದರು, ಯೆಸ್ ಒತ್ತಿಬಿಟ್ಟೆ. ಸಂಜೆಯೊಳಗೆ ಬ್ರೌಸರ್ ತುಂಬಾ ಜಾಹೀರಾತು. ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿ, ಕಂಪೋಸ್ ಮಾಡಿಟ್ಟಿದ್ದ ಪತ್ರಿಕೆಗಳನ್ನೆಲ್ಲ ಮತ್ತೆ ಮೊದಲಿನಿಂದ ಟೈಪ್ ಮಾಡಬೇಕಾಯಿತು.

ಈ ಡಬ್ಬಿಯ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್, ಚಿಕ್ಕದಾಗಿ ಯುಎಸಿ (UAC), 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದ ಜೊತೆ ಬಂದದ್ದು. ನೀವು ಅಡ್ಮಿನ್ (ಕಂಪ್ಯೂಟರಿನಲ್ಲಿ ಏನನ್ನಾದರೂ ಬದಲಿಸುವ ಅಧಿಕಾರ ಇರುವವರು) ಆಗಿದ್ದರೂ ನೀವು ತೆರೆಯುವ ಪ್ರೋಗ್ರಾಂಗಳು ಮಾಮೂಲಿ ಅಧಿಕಾರದಲ್ಲೇ ಓಡುತ್ತವೆ. ಯಾವುದಾದರೂ ಒಂದು ಇಡೀ ಸಿಸ್ಟಮ್ಮಿಗೆ ಕೈ ಹಾಕಬೇಕೆಂದಾಗ ಮಾತ್ರ ಇದು ತಡೆದು ಕೇಳುತ್ತದೆ. ಕೆಲವು ಬಟನ್, ಐಕಾನ್‌ಗಳ ಮೇಲೆ ನೀಲಿ-ಹಳದಿ ಗುರಾಣಿ ಇರುತ್ತದಲ್ಲ, ಅದು ವೈರಸ್ ಎಚ್ಚರಿಕೆ ಅಲ್ಲ. ಒತ್ತಿದರೆ ಅಡ್ಮಿನ್ ಅನುಮತಿ ಬೇಕಾಗುತ್ತದೆ ಎಂಬ ಸೂಚನೆ, ಅಷ್ಟೇ.

ವಿಂಡೋಸ್ 10, 11ರಲ್ಲಿ ನೀಲಿ ಪಟ್ಟಿ ಇದ್ದರೆ ಪ್ರೋಗ್ರಾಮಿಗೆ ಡಿಜಿಟಲ್ ಸಹಿ ಇದೆ ಎಂದರ್ಥ. ಸಹಿ ಯಾರದ್ದು, ಅದು ಬಿದ್ದ ಮೇಲೆ ಫೈಲ್ ಬದಲಾಗಿಲ್ಲ ಅನ್ನೋದಷ್ಟೇ ಅದರಿಂದ ಗೊತ್ತಾಗೋದು, ಆ ಕಂಪನಿ ಒಳ್ಳೆಯದು ಅಂತಲ್ಲ. ಹಳದಿ ಅಂದರೆ ಸಹಿ ಇಲ್ಲ, ಅಥವಾ ನಂಬುವಂಥದ್ದಲ್ಲ. ಹಳೇ ಸಾಫ್ಟ್‌ವೇರಿಗೂ ಹಳದಿ ಬರುವುದುಂಟು, ಅದಕ್ಕೇ ಎಲ್ಲಿಂದ ತಂದದ್ದು ಅಂತ ನೆನಪಿಸಿಕೊಳ್ಳಿ. 'ಶೋ ಮೋರ್ ಡೀಟೇಲ್ಸ್' ಒತ್ತಿದರೆ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತಲೂ ಕಾಣುತ್ತದೆ. ಕೆಂಪು ಬಂದರೆ ವಿಂಡೋಸ್ ಅದನ್ನು ತಡೆದಿದೆ, ಅಲ್ಲಿಗೇ ಬಿಡಿ. ನೀವು ಏನನ್ನೂ ತೆರೆಯದೆ ಡಬ್ಬಿ ತಾನಾಗಿ ಬಂದರೆ, ಬಣ್ಣ ಯಾವುದೇ ಇರಲಿ, ನೋ ಒತ್ತಿ.

ಪರದೆ ಮಬ್ಬಾಗುವುದಕ್ಕೂ ಕಾರಣವಿದೆ. ಆ ಹೊತ್ತಿಗೆ ಬೇರೆ ಪ್ರೋಗ್ರಾಂ ನಿಮ್ಮ ಪರವಾಗಿ ಯೆಸ್ ಒತ್ತಲಾರದು, ಟಾಸ್ಕ್‌ಬಾರ್ ಕೂಡ ನಿಮ್ಮ ಕೈಗೆ ಸಿಗೋದಿಲ್ಲ. ಬ್ರೌಸರಿನ ಪುಟದೊಳಗೇ ಗುರಾಣಿ ಚಿತ್ರ ತೋರಿಸಿ 'ಈ ನಂಬರಿಗೆ ಫೋನ್ ಮಾಡಿ' ಅಂದರೆ ಅದು ಶುದ್ಧ ಮೋಸ.

ಕಿರಿಕಿರಿ ಅಂತ ರಿಪೇರಿಯವರು ಇದನ್ನು ಆಫ್ ಮಾಡಿ ಹೋಗಿರಬಹುದು. ಸ್ಟಾರ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಯುಎಸಿ ಎಂದು ಟೈಪ್ ಮಾಡಿ ನೋಡಿ, ಸ್ಲೈಡರ್ ಮೇಲಿನಿಂದ ಎರಡನೇ ಮಟ್ಟಕ್ಕಿಂತ ಕೆಳಗಿದ್ದರೆ ಏರಿಸಿ.

ನಮ್ಮ ಅಂಗಡಿ ಹುಡುಗನಿಗೆ ಈಗ ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟಿದ್ದೇನೆ. ಅವನಿಗೆ ಡಬ್ಬಿ ಬಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ನಾನೇ ಎದ್ದು ಹೋಗಿ ಪಬ್ಲಿಷರ್ ಸಾಲು ಓದಿ ಹಾಕುತ್ತೇನೆ. ನೀವೂ ಹೀಗೆ ಮಾಡುವುದಾದರೆ, ಪಾಸ್‌ವರ್ಡ್ ನೆನಪಿರುವ ಒಂದು ಅಡ್ಮಿನ್ ಅಕೌಂಟ್ ಉಳಿಸಿಕೊಂಡೇ ಮಿಕ್ಕವನ್ನು ಬದಲಿಸಿ.