ಸಂವಿಧಾನದ ಪೀಠಿಕೆಯನ್ನು ತಿಳಿಗನ್ನಡದಲ್ಲಿ ಹೇಳುವುದು ಹೇಗೆ?

ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ‘ಅಧಿನಿಯಮಿಸಿ’, ‘ಸುನಿಶ್ಚಿತಗೊಳಿಸಿ’, ‘ಅಖಂಡತೆ’ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ಉಚ್ಚಾರಣೆಯಲ್ಲಿ ಕುಂದಿಲ್ಲ. ಅರ್ಥ ಕೇಳಿದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. ಶಾಲೆಯಲ್ಲೋ ಗ್ರಾಮಸಭೆಯಲ್ಲೋ ಸ್ವಸಹಾಯ ಸಂಘದ ಸಭೆಯಲ್ಲೋ ಪೀಠಿಕೆಯನ್ನು ಬಿಡಿಸಿ ಹೇಳಬೇಕಾದವರಿಗಾಗಿ ಈ ಬರಹ.

ಸಂಸ್ಕೃತದ ಪದ ತೆಗೆದು ಅಚ್ಚಗನ್ನಡದ ಪದ ಕೂರಿಸಿದರೆ ಕೆಲಸ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ, ಕಠಿಣ ಪದಕ್ಕಿಂತ ಹೆಚ್ಚು ಹಾಳುಮಾಡುವುದು ಉಪದೇಶದ ಧಾಟಿ. ‘ಎಲ್ಲರೂ ಅಣ್ಣತಮ್ಮಂದಿರಂತೆ ಕೂಡಿ ಬಾಳೋಣ’ ಎಂದು ಬರೆದುಬಿಟ್ಟರೆ ಸರಳವೇನೋ ಆಯಿತು, ಪೀಠಿಕೆ ಮಾತ್ರ ಕೈಬಿಟ್ಟುಹೋಯಿತು. ಪೀಠಿಕೆ ಒಂದು ಠರಾವು. ಅದನ್ನು ಮಾಡಿದವರು ಯಾರು, ಯಾರಿಗಾಗಿ, ಏನು ಕೊಡಲು, ಯಾವ ದಿನ ಎಂಬ ನಾಲ್ಕೂ ಅದರಲ್ಲಿವೆ. ತಿಳಿಗನ್ನಡದಲ್ಲೂ ಈ ನಾಲ್ಕು ಉಳಿಯಬೇಕು.

ಮೊದಲು ವಾಕ್ಯವನ್ನು ಬಿಚ್ಚಿ

ಇಡೀ ಪೀಠಿಕೆ ಒಂದೇ ವಾಕ್ಯ. ಕೈಯಲ್ಲಿ ಪೆನ್ಸಿಲ್ ಹಿಡಿದು ಆರಂಭದ ‘ಭಾರತದ ಜನಗಳಾದ ನಾವು’ ಎಂಬುದಕ್ಕೂ ಕೊನೆಯ ‘ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ’ ಎಂಬುದಕ್ಕೂ ಗೆರೆ ಎಳೆಯಿರಿ. ನಡುವೆ ಉಳಿಯುವುದು ಎರಡು ಪಟ್ಟಿ: ದೇಶ ಎಂಥದ್ದಾಗಿರಬೇಕು ಎಂಬುದು ಒಂದು, ಅದರ ನಾಗರಿಕರಿಗೆ ಏನೇನು ಸಿಗಬೇಕು ಎಂಬುದು ಇನ್ನೊಂದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಕೇಳುವವರು ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತದೆ. ಆದ್ದರಿಂದ ಏಳೆಂಟು ವಾಕ್ಯಗಳಾಗಿ ಒಡೆಯಿರಿ. ಆದರೆ ‘ನಾವು’ ಎಂಬುದನ್ನು ಎಲ್ಲೂ ಮರೆಯಬೇಡಿ.

ಆ ‘ನಾವು’ ಸುಮ್ಮನೆ ಬಂದದ್ದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆ ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕೆಂದು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ಸಿಲುಕಿಸಬೇಡಿ ಎಂದು ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧ 68 ಮತಗಳು ಬಿದ್ದು ತಿದ್ದುಪಡಿ ಸೋತಿತು. ಹೀಗೆ ದೇವರೂ ಇಲ್ಲದೆ, ದೊರೆಯೂ ಇಲ್ಲದೆ, ಜನರ ಹೆಸರಿನಿಂದಲೇ ಪೀಠಿಕೆ ಆರಂಭವಾಯಿತು. ‘ಸಂವಿಧಾನವು ನಮಗೆ ನೀಡಿದೆ’ ಎಂದು ಬರೆಯುವವರು ಕೊಟ್ಟವರನ್ನೇ ಪಡೆದವರ ಸಾಲಿಗೆ ತಳ್ಳುತ್ತಾರೆ.

ಆಮೇಲೆ ವಿಧಿಗಳನ್ನು ತೆರೆಯಿರಿ

ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿಯೇ. ‘ನ್ಯಾಯ’, ‘ಸಮಾನತೆ’ ಮುಂತಾದ ಪದಗಳಿಗೆ ನಿಘಂಟು ನೋಡಿದರೆ ಅಷ್ಟೇ ಭಾರದ ಇನ್ನೊಂದು ಪದ ಸಿಗುತ್ತದೆ. ಸಂವಿಧಾನದ ಒಳಪುಟಗಳಲ್ಲಿ ಹುಡುಕಿದರೆ ದಿನನಿತ್ಯದ ವಸ್ತುಗಳೇ ಸಿಗುತ್ತವೆ. 15ನೇ ವಿಧಿಯ ಎರಡನೇ ಖಂಡವನ್ನು ಓದಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಅಂಗಡಿ ಹೋಟೆಲುಗಳಿಂದ ಹೊರಗಿಡುವಂತಿಲ್ಲ. ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನು ಬಳಸದಂತೆ ತಡೆಯುವಂತಿಲ್ಲ. ಸಾಮಾಜಿಕ ನ್ಯಾಯಕ್ಕೆ ಇದಕ್ಕಿಂತ ಸರಳವಾದ ವಿವರಣೆಯನ್ನು ನೀವು ಬರೆಯಲಾರಿರಿ, ಬರೆಯುವ ಅಗತ್ಯವೂ ಇಲ್ಲ. ಅದರ ಜೊತೆಗೆ ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೇ ವಿಧಿಯನ್ನೂ, ಬಿಟ್ಟಿ ಚಾಕರಿಯನ್ನು ನಿಷೇಧಿಸಿದ 23ನೇ ವಿಧಿಯನ್ನೂ ಇಡಿ.

ಆರ್ಥಿಕ ನ್ಯಾಯಕ್ಕೆ 39ನೇ ವಿಧಿ ಇದೆ: ಗಂಡಾಗಲಿ ಹೆಣ್ಣಾಗಲಿ, ಸಮಾನ ಕೆಲಸಕ್ಕೆ ಸಮಾನ ಕೂಲಿ, ಸಂಪತ್ತು ಕೆಲವರ ಕೈಯಲ್ಲೇ ಗುಡ್ಡೆಯಾಗಬಾರದು. ಇದು ನಿರ್ದೇಶಕ ತತ್ವ, ಅಂದರೆ ಇದೊಂದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು ಎಂಬುದನ್ನೂ ಮುಚ್ಚಿಡದೆ ಹೇಳಿ. ರಾಜಕೀಯ ನ್ಯಾಯವೆಂದರೆ 326ನೇ ವಿಧಿಯ ಮತದಾನದ ಹಕ್ಕು. ಆರಂಭದಲ್ಲಿ 21 ವರ್ಷ ಇದ್ದ ವಯಸ್ಸನ್ನು 61ನೇ ತಿದ್ದುಪಡಿ 18ಕ್ಕೆ ಇಳಿಸಿತು. ಸ್ಥಾನಮಾನದ ಸಮಾನತೆಗೆ 18ನೇ ವಿಧಿ, ಬಿರುದು ಬಾವಲಿಗಳ ರದ್ದು. ಸ್ವಾತಂತ್ರ್ಯಕ್ಕೆ ಮಾತಿನ ಹಕ್ಕು ಕೊಡುವ 19 ಮತ್ತು ಧರ್ಮಾಚರಣೆಯ ಹಕ್ಕು ಕೊಡುವ 25ನೇ ವಿಧಿ. ಇವನ್ನು ಬಿಡಿಸುವುದು ಕಷ್ಟವಲ್ಲ.

ವಿವಾದದ ಪದಗಳನ್ನು ಜಾರಿಸಬೇಡಿ

‘ಸಮಾಜವಾದಿ’ ಮತ್ತು ಮುದ್ರಣದಿಂದ ಮುದ್ರಣಕ್ಕೆ ‘ಧರ್ಮನಿರಪೇಕ್ಷ’, ‘ಜಾತ್ಯತೀತ’, ‘ಸರ್ವಧರ್ಮ ಸಮಭಾವ’ ಎಂದು ವೇಷ ಬದಲಿಸುವ ಇನ್ನೊಂದು ಪದ, ಎರಡನ್ನೂ 1976ರ 42ನೇ ತಿದ್ದುಪಡಿ ಸೇರಿಸಿತು. ‘ಅಖಂಡತೆ’ ಬಂದದ್ದೂ ಆಗಲೇ. ‘ಸಮಾಜವಾದಿ’, ‘ಧರ್ಮನಿರಪೇಕ್ಷ’ ಎಂಬ ಎರಡು ಪದಗಳನ್ನು ತೆಗೆಯಬೇಕೆಂದು ಕೋರಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ವಜಾ ಮಾಡಿದೆ. ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಸವಿ ಸಹಿತ ಹೇಳಿ ಮುಂದೆ ಸಾಗಿ. ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಲಕ್ಷಣವೆಂದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮದೇ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ. ಅರ್ಥ ಬಿಡಿಸಲು 27 ಮತ್ತು 28ನೇ ವಿಧಿಗಳು ಸಾಕು: ಒಂದು ಧರ್ಮವನ್ನು ಬೆಳೆಸಲೆಂದು ತೆರಿಗೆ ಕಟ್ಟುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ, ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ.

‘ಭ್ರಾತೃತ್ವ’ದ, ಅಂದರೆ ಸೋದರಭಾವದ, ತೊಡಕು ಬೇರೆ ಬಗೆಯದು. ಜವಾಹರಲಾಲ್ ನೆಹರೂ 1946ರ ಡಿಸೆಂಬರ್ 13ರಂದು ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಅದು ಇರಲಿಲ್ಲ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ 1948ರ ಫೆಬ್ರುವರಿಯಲ್ಲಿ ಅದನ್ನು ಸೇರಿಸಿತು. ಗಾಂಧೀಜಿಯ ಹತ್ಯೆಯಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ವಿಭಜನೆಯ ಗಾಯ ಹಸಿಯಾಗಿತ್ತು. ಸೌಹಾರ್ದದ ಅಗತ್ಯ ಎಂದಿಗಿಂತ ಈಗ ಹೆಚ್ಚಾಗಿದೆ ಎಂದೇ ಸಮಿತಿ ಕಾರಣ ಕೊಟ್ಟಿತು. ಭ್ರಾತೃತ್ವವಿಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆಗಳು ಮೇಲೆ ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯಲಾರವು ಎಂದು ಅಂಬೇಡ್ಕರ್ 1949ರ ನವೆಂಬರ್ 25ರ ಭಾಷಣದಲ್ಲಿ ಹೇಳಿದರು. ಈ ಹಿನ್ನೆಲೆ ಹೇಳದಿದ್ದರೆ ಆ ಪದ ಶುಭಾಶಯ ಪತ್ರದ ಸಾಲಾಗಿಬಿಡುತ್ತದೆ. ಇನ್ನೊಂದು ವಿಷಯ: ಅಲ್ಲಿ ವ್ಯಕ್ತಿಯ ಗೌರವ ಮೊದಲು, ರಾಷ್ಟ್ರದ ಏಕತೆ ಆಮೇಲೆ. ಕ್ರಮ ತಪ್ಪಿಸಬೇಡಿ.

ಈಗ ಬರೆಯಿರಿ

ಕ್ರಿಯಾಪದದಲ್ಲಿ ಎಚ್ಚರ ಬೇಕು. ‘ಇಲ್ಲಿ ಎಲ್ಲರೂ ಸಮಾನರು’ ಎಂದು ಆಗಿಹೋದ ಸಂಗತಿಯಂತೆ ಬರೆದರೆ, ಊರ ಹೋಟೆಲಿನಲ್ಲಿ ಬೇರೆ ಲೋಟ ಕಂಡ ಹುಡುಗನಿಗೆ ಅದು ಸುಳ್ಳೆನಿಸುತ್ತದೆ. ಪೀಠಿಕೆ ಹೇಳುವುದು ಮಾಡಲು ಹೊರಟಿರುವ ಕೆಲಸವನ್ನು. ನನ್ನದೊಂದು ಮಾದರಿ ಹೀಗಿದೆ, ತಿದ್ದಿ ಬಳಸಿಕೊಳ್ಳಿ.

“ಭಾರತದ ಜನರಾದ ನಾವು ಗಟ್ಟಿ ಮನಸ್ಸಿನಿಂದ ತೀರ್ಮಾನಿಸಿದ್ದೇವೆ. ನಮ್ಮ ದೇಶದ ಮೇಲೆ ಹೊರಗಿನ ಯಾರ ಯಜಮಾನಿಕೆಯೂ ಇರಕೂಡದು. ಆಳುವವರನ್ನು ನಾವೇ ಆರಿಸುತ್ತೇವೆ. ಯಾವ ಅಧಿಕಾರವೂ ಹುಟ್ಟಿನಿಂದ ಬರುವುದಿಲ್ಲ. ದೇಶದ ಸಂಪತ್ತು ಎಲ್ಲರ ಒಳಿತಿಗೆ ಒದಗಬೇಕು. ಸರ್ಕಾರ ಯಾವ ಧರ್ಮದ ಪಕ್ಷವನ್ನೂ ವಹಿಸಬಾರದು. ಸಮಾಜದಲ್ಲಿ, ದುಡಿಮೆಯಲ್ಲಿ, ಆಡಳಿತದಲ್ಲಿ ಪ್ರತಿಯೊಬ್ಬರಿಗೂ ನ್ಯಾಯ ಸಿಗುವಂತೆ ಮಾಡುತ್ತೇವೆ. ತಮಗೆ ತೋಚಿದಂತೆ ಯೋಚಿಸುವ, ಮಾತನಾಡುವ, ನಂಬುವ, ಪೂಜಿಸುವ ಸ್ವಾತಂತ್ರ್ಯ ಎಲ್ಲರಿಗೂ ಇರುವಂತೆ ಮಾಡುತ್ತೇವೆ. ಯಾರನ್ನೂ ಮೇಲು ಕೀಳೆಂದು ಎಣಿಸದೆ, ಎಲ್ಲರಿಗೂ ಸಮಾನ ಅವಕಾಶ ಕೊಡುತ್ತೇವೆ. ಒಬ್ಬೊಬ್ಬರ ಮಾನವೂ ಉಳಿಯುವಂತೆ, ದೇಶವೂ ಒಡೆಯದೆ ಒಂದಾಗಿರುವಂತೆ, ಪರಸ್ಪರ ನಮ್ಮವರೆಂಬ ಭಾವವನ್ನು ಬೆಳೆಸುತ್ತೇವೆ. ಇದಕ್ಕಾಗಿ 1949ರ ನವೆಂಬರ್ 26ರಂದು ಈ ಸಂವಿಧಾನವನ್ನು ಒಪ್ಪಿ, ಕಾನೂನಾಗಿಸಿ, ನಮಗೆ ನಾವೇ ಕೊಟ್ಟುಕೊಂಡಿದ್ದೇವೆ.”

ಬರೆದದ್ದನ್ನು ಪೀಠಿಕೆಯನ್ನೇ ಓದದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ‘ಅರ್ಥವಾಯಿತೇ’ ಎಂದು ಕೇಳಬೇಡಿ, ಮುಲಾಜಿಗಾದರೂ ಹೌದೆನ್ನುತ್ತಾರೆ. ‘ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ?’ ಎಂದು ಕೇಳಿ. ‘ಸರ್ಕಾರ ನಮಗೆ’ ಎಂಬ ಉತ್ತರ ಬಂದರೆ ‘ನಾವು’ ಎಲ್ಲೋ ಮಸುಕಾಗಿದೆ ಎಂದು ತಿಳಿದು ಮತ್ತೆ ಬರೆಯಿರಿ. ತುಳು, ಕೊಡವ, ಬ್ಯಾರಿ, ಲಂಬಾಣಿ ಮನೆಮಾತಿನ ಮಕ್ಕಳಿರುವ ಕಡೆ ಆಯಾ ಭಾಷೆಯಲ್ಲಿ ಅವರಿಂದಲೇ ಒಮ್ಮೆ ಹೇಳಿಸಿದರೆ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ.

ಹಂಚುವುದಾದರೆ ಹಾಳೆಯ ಒಂದು ಬದಿಗೆ ಅಧಿಕೃತ ಪಾಠ, ಇನ್ನೊಂದು ಬದಿಗೆ ನಿಮ್ಮದು ಇರಲಿ. ನಿಮ್ಮದರ ನೆತ್ತಿಯ ಮೇಲೆ ‘ವಿವರಣೆ’ ಎಂದು ಅಚ್ಚಾಗಲಿ. ಸಾಮೂಹಿಕವಾಗಿ ಓದುವಾಗ ಅಧಿಕೃತ ಪಾಠವನ್ನೇ ಓದಬೇಕು. ನಿಮ್ಮದನ್ನು ಅದಕ್ಕೂ ಮೊದಲು, ಐದು ನಿಮಿಷ ಬಿಡುವು ಮಾಡಿಕೊಂಡು ಹೇಳಿ.